ಸಂತ ಜೆರೋಮ್ ಲ್ಯಾಟಿನ್ ಬೈಬಲ್‌ಗೆ ಮಾಡಿದ್ದೇನು?

ಪಶ್ಚಿಮ ಯುರೋಪಿನ ಕ್ರೈಸ್ತರು ಸುಮಾರು ಸಾವಿರ ವರ್ಷ ಓದಿದ್ದು, ಹಾಡಿದ್ದು, ಬಾಯಿಪಾಠ ಮಾಡಿದ್ದು ಒಂದು ಲ್ಯಾಟಿನ್ ಬೈಬಲ್ಲನ್ನು. ಅದರ ಹೆಸರು ವಲ್ಗೇಟ್. 1450ರ ದಶಕದಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕಿದ್ದೂ ಅದನ್ನೇ. ಅದನ್ನು ಅನುವಾದಿಸಿದ್ದು ಯಾರು ಎಂದು ಕೇಳಿದರೆ ಸಂತ ಜೆರೋಮ್ ಎಂಬ ಉತ್ತರ ಬರುತ್ತದೆ. ಈ ಉತ್ತರ ಪೂರ್ತಿ ಸರಿಯಲ್ಲ. ಅದರಲ್ಲಿ ಆತ ಮುಟ್ಟದ ಭಾಗಗಳೂ ಇವೆ. ಆತನ ನಿಜವಾದ ದೊಡ್ಡ ಕೆಲಸ ಒಂದು ತೀರ್ಮಾನ. ಪ್ರತಿಗಳು ಒಂದಕ್ಕೊಂದು ಹೊಂದದಿದ್ದರೆ ಮೂಲ ಭಾಷೆಗೇ ಹೋಗಿ ನೋಡಬೇಕು ಎಂದು ಆತ ಹಟ ಹಿಡಿದ. ಇವತ್ತು ನಮಗೆ ಇದು ಸಹಜ ಅನ್ನಿಸುತ್ತದೆ, ಅಲ್ವಾ? 4ನೇ ಶತಮಾನದಲ್ಲಿ ಇದಕ್ಕಾಗಿ ಆತ ಬೈಗುಳ ತಿಂದ. ಒಂದು ಊರಿನ ಚರ್ಚಿನಲ್ಲಿ ಒಂದೇ ಒಂದು ಪದಕ್ಕೆ ಜನ ಗಲಾಟೆ ಎಬ್ಬಿಸಿದರು.

ಮೊದಲು ತೊಡಕು ಏನಿತ್ತು ಎಂದು ನೋಡೋಣ.

ಬೈಬಲ್‌ನ ಹಳೆಯ ಒಡಂಬಡಿಕೆ ಯೆಹೂದಿಗಳ ಪವಿತ್ರ ಗ್ರಂಥ. ಅದರ ಬಹುಪಾಲು ಹೀಬ್ರೂ ಭಾಷೆಯಲ್ಲಿದೆ, ಅಲ್ಲಲ್ಲಿ ಸ್ವಲ್ಪ ಅರಮಾಯಿಕ್ ಇದೆ. ಕ್ರಿ.ಪೂ. 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಯೆಹೂದಿಗಳು ಇದನ್ನು ಗ್ರೀಕ್ ಭಾಷೆಗೆ ತರಲು ಶುರು ಮಾಡಿದರು. ಆ ಅನುವಾದಕ್ಕೆ ಸೆಪ್ಟುಅಜಿಂಟ್ ಎಂದು ಹೆಸರು. ಎಪ್ಪತ್ತು ಜನ ಹಿರಿಯರು ಬೇರೆ ಬೇರೆ ಕೋಣೆಗಳಲ್ಲಿ ಕೂತು ಅನುವಾದಿಸಿದರು, ಕೊನೆಗೆ ನೋಡಿದರೆ ಎಲ್ಲರ ಬರಹವೂ ಅಕ್ಷರಶಃ ಒಂದೇ ಆಗಿತ್ತು ಎಂಬ ಕಥೆ ಅದಕ್ಕೆ ಅಂಟಿಕೊಂಡಿತ್ತು. ದೇವರೇ ಬರೆಸಿದ ಅನುವಾದ ಅನ್ನುವ ನಂಬಿಕೆ ಅದು. ಮೊದಲ ಕ್ರೈಸ್ತರಲ್ಲಿ ಹೆಚ್ಚಿನವರು ಗ್ರೀಕ್ ಬಲ್ಲವರು. ಅವರಿಗೆ ಹಳೆಯ ಒಡಂಬಡಿಕೆ ಎಂದರೆ ಈ ಗ್ರೀಕ್ ಪುಸ್ತಕವೇ. ಹೊಸ ಒಡಂಬಡಿಕೆಯೂ ಗ್ರೀಕ್‌ನಲ್ಲೇ ಹುಟ್ಟಿತು.

ಕ್ರೈಸ್ತ ಧರ್ಮ ಉತ್ತರ ಆಫ್ರಿಕ, ಇಟಲಿ, ಗಾಲ್ (ಇಂದಿನ ಫ್ರಾನ್ಸ್) ಕಡೆ ಹಬ್ಬಿದಾಗ ಲ್ಯಾಟಿನ್ ಬೇಕಾಯಿತು. 2ನೇ ಶತಮಾನದಿಂದ ಯಾರು ಯಾರೋ ಗ್ರೀಕ್ ಪ್ರತಿ ಹಿಡಿದು ಲ್ಯಾಟಿನ್‌ಗೆ ತಂದರು. ಹಾಗಾಗಿ ಲ್ಯಾಟಿನ್ ಹಳೆಯ ಒಡಂಬಡಿಕೆ ಅನುವಾದದ ಅನುವಾದ. ಮುದ್ರಣ ಇಲ್ಲದ ಕಾಲ. ಪ್ರತಿ ಪುಸ್ತಕವನ್ನೂ ಕೈಯಲ್ಲೇ ನಕಲು ಮಾಡಬೇಕು. ನಕಲು ಮಾಡುವವನು ತೂಕಡಿಸಿದರೆ ಒಂದು ಸಾಲು ಹೋಯಿತು. ತನಗೆ ಬುದ್ಧಿ ಇದೆ ಎಂದುಕೊಂಡವನು ತಿದ್ದಿದರೆ ಇನ್ನೊಂದು ಸಾಲು ಬದಲಾಯಿತು. ಮತ್ತಾಯನ ಪುಸ್ತಕದಲ್ಲಿದ್ದ ಮಾತು ನೆನಪಿದ್ದವನು ಅದನ್ನು ಮಾರ್ಕನ ಪುಸ್ತಕಕ್ಕೂ ಸೇರಿಸಿಬಿಡುತ್ತಿದ್ದ. ಎಷ್ಟು ಪ್ರತಿಗಳಿವೆಯೋ ಹೆಚ್ಚುಕಡಿಮೆ ಅಷ್ಟೇ ಪಾಠಗಳಿವೆ, ಅಂದರೆ ಬರಹದ ಅಷ್ಟೇ ರೂಪಗಳಿವೆ ಎಂದು ಜೆರೋಮ್ ಬರೆದಿದ್ದಾನೆ.

ಸ್ಟ್ರಿಡೋನ್‌ನಿಂದ ಮರುಭೂಮಿಗೆ

ಜೆರೋಮ್‌ನ ಲ್ಯಾಟಿನ್ ಹೆಸರು ಹೀರೋನಿಮಸ್. ಹುಟ್ಟಿದ್ದು 340ರ ದಶಕದಲ್ಲಿ, ಸ್ಟ್ರಿಡೋನ್ ಎಂಬ ಸಣ್ಣ ಊರಿನಲ್ಲಿ. ರೋಮನ್ ಸಾಮ್ರಾಜ್ಯದ ಡಾಲ್ಮೇಷಿಯ ಮತ್ತು ಪನೋನಿಯ ಪ್ರಾಂತ್ಯಗಳ ಗಡಿಯಲ್ಲಿ ಆ ಊರಿತ್ತು. ಗಾತ್‌ಗಳು ತನ್ನ ಊರನ್ನು ಹಾಳು ಮಾಡಿದರು ಎಂದು ಆತನೇ ಬರೆದಿದ್ದಾನೆ. ಅದು ಎಲ್ಲಿತ್ತು ಎಂದು ಖಚಿತವಾಗಿ ತೋರಿಸಲು ಇವತ್ತಿಗೂ ಆಗಿಲ್ಲ.

ಮನೆಯವರು ಕ್ರೈಸ್ತರು, ಸ್ಥಿತಿವಂತರು. ಹುಡುಗನನ್ನು ಓದಲು ರೋಮಿಗೆ ಕಳಿಸಿದರು. ಅಲ್ಲಿ ಸಿಕ್ಕ ಗುರು ಏಲಿಯಸ್ ಡೊನಾಟಸ್. ಈತ ಬರೆದ ಲ್ಯಾಟಿನ್ ವ್ಯಾಕರಣವನ್ನು ಯುರೋಪಿನ ಮಕ್ಕಳು ಮುಂದೆ ನೂರಾರು ವರ್ಷ ಓದಿದರು. ಡೊನಾಟಸ್ ಬಳಿ ಓದುವುದೆಂದರೆ ರೋಮಿನ ಮಹಾಕವಿ ವರ್ಜಿಲ್‌ನ ಒಂದೊಂದು ಸಾಲನ್ನೂ ಬಿಡಿಸಿ ನೋಡುವುದು. ಈ ಪದ ಇಲ್ಲೇಕೆ ಬಂತು, ಬೇರೆ ಪ್ರತಿಯಲ್ಲಿ ಏನಿದೆ, ಯಾವುದು ಸರಿ? ಜೆರೋಮ್ ಮುಂದೆ ಬೈಬಲ್ ಮೇಲೆ ಮಾಡಿದ್ದು ಇದೇ ಕೆಲಸ. ಆತನೊಳಗಿನ ಪಂಡಿತ ತಯಾರಾದದ್ದು ಚರ್ಚಿನಲ್ಲಲ್ಲ, ವ್ಯಾಕರಣದ ಶಾಲೆಯಲ್ಲಿ ಎಂದು ನನಗೆ ಅನ್ನಿಸುತ್ತದೆ.

ರೋಮಿನಲ್ಲೇ ದೀಕ್ಷಾಸ್ನಾನ ಪಡೆದ. ಆಮೇಲೆ ಟ್ರಿಯರ್ ನಗರ, ಅಕ್ವಿಲೆಯ ನಗರ. ಅಕ್ವಿಲೆಯದಲ್ಲಿ ಸನ್ಯಾಸದ ಆಸೆ ಹೊತ್ತ ಯುವಕರ ಗುಂಪೊಂದಿತ್ತು. ರೂಫಿನಸ್ ಎಂಬಾತ ಅಲ್ಲಿ ಜೆರೋಮ್‌ನ ಆಪ್ತ ಸ್ನೇಹಿತ. ಈ ಹೆಸರು ನೆನಪಿಟ್ಟುಕೊಳ್ಳಿ.

370ರ ದಶಕದ ಮೊದಲ ಭಾಗದಲ್ಲಿ ಜೆರೋಮ್ ಪೂರ್ವಕ್ಕೆ ಹೊರಟ. ಸಿರಿಯಾದ ಆಂಟಿಯೋಕ್ ತಲುಪುವಷ್ಟರಲ್ಲಿ ಜ್ವರ ಹಿಡಿಯಿತು. ಜೊತೆಗಿದ್ದ ಇಬ್ಬರು ತೀರಿಕೊಂಡರು. ಆ ಕಾಯಿಲೆಯ ನಡುವೆ ಬಿದ್ದ ಕನಸನ್ನು ಆತ ವರ್ಷಗಳ ನಂತರ ಒಂದು ಪತ್ರದಲ್ಲಿ ಹೇಳಿದ. ದೇವರ ನ್ಯಾಯಾಲಯದಲ್ಲಿ ನಿಂತಿದ್ದಾನೆ. ನೀನು ಯಾರು ಎಂಬ ಪ್ರಶ್ನೆ ಬಂತು. ಕ್ರೈಸ್ತ ಎಂದ. ಸುಳ್ಳು, ನೀನು ಕ್ರೈಸ್ತನಲ್ಲ, ಸಿಸೆರೋನ ಶಿಷ್ಯ ಎಂದು ನ್ಯಾಯಾಧೀಶ ಗದರಿ ಚಾವಟಿ ಏಟು ಕೊಡಿಸಿದ. ಸಿಸೆರೋ ಎಂದರೆ ಕ್ರಿಸ್ತನಿಗೂ ಹಿಂದಿನ ರೋಮಿನ ದೊಡ್ಡ ವಾಗ್ಮಿ. ಇನ್ನು ಮುಂದೆ ಲೌಕಿಕ ಪುಸ್ತಕ ಇಟ್ಟುಕೊಳ್ಳುವುದಿಲ್ಲ, ಓದುವುದಿಲ್ಲ ಎಂದು ಆಣೆ ಮಾಡಿದ.

ಈ ಕನಸಿನಲ್ಲಿ ಒಬ್ಬ ಮನುಷ್ಯನ ಸಂಕಟವಷ್ಟೇ ಅಲ್ಲ, ಒಂದು ತಲೆಮಾರಿನ ಸಂಕಟವೇ ಇದೆ. ಓದಿದ ಕ್ರೈಸ್ತರಿಗೆಲ್ಲ ಸಿಸೆರೋ, ವರ್ಜಿಲ್ ಪ್ರಾಣ. ಅವರ ಮುಂದೆ ಹಳೆಯ ಲ್ಯಾಟಿನ್ ಬೈಬಲ್‌ನ ಭಾಷೆ ಒರಟು. ಪ್ರವಾದಿಗಳನ್ನು ಓದಲು ಕೂತರೆ ಆ ಒರಟು ಭಾಷೆಗೆ ಅಸಹ್ಯವಾಗುತ್ತಿತ್ತು ಎಂದು ಜೆರೋಮ್ ಅದೇ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಆಣೆಯೇನೋ ಮಾಡಿದ. ಆದರೆ ಆತನ ಬರಹದ ತುಂಬ ವರ್ಜಿಲ್ ಇಣುಕುತ್ತಲೇ ಇದ್ದ.

ಆಂಟಿಯೋಕ್‌ನ ಪೂರ್ವಕ್ಕಿದ್ದ ಕಾಲ್ಕಿಸ್ ಮರುಭೂಮಿಯಲ್ಲಿ ಕೆಲವು ವರ್ಷ ತಪಸ್ಸಿಗೆ ಕೂತ. ಪುಸ್ತಕಗಳನ್ನೂ ಜೊತೆಗೇ ಒಯ್ದ. ಚೇಳು, ಕಾಡುಪ್ರಾಣಿಗಳ ನಡುವೆ ಕೂತಿದ್ದರೂ ಮನಸ್ಸು ರೋಮಿನ ಹುಡುಗಿಯರ ನೃತ್ಯದ ಸುತ್ತ ಸುಳಿಯುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆ ಮನಸ್ಸನ್ನು ಹಿಡಿದು ಕೂರಿಸಲು ಆತ ಆರಿಸಿಕೊಂಡ ಉಪಾಯ ಹೀಬ್ರೂ ಕಲಿಯುವುದು. ಯೆಹೂದಿಯಾಗಿದ್ದು ಕ್ರೈಸ್ತನಾದ ಒಬ್ಬ ಸನ್ಯಾಸಿಯ ಬಳಿ ಅಕ್ಷರದಿಂದ ಶುರು ಮಾಡಿದ. ಸಿಸೆರೋನ ಹೊಳೆಯುವ ಲ್ಯಾಟಿನ್ ರೂಢಿಯಾದ ಬಾಯಿಗೆ ಆ ಬುಸುಗುಡುವ, ಏದುಸಿರಿನ ಶಬ್ದಗಳು ಎಷ್ಟು ಕಷ್ಟವಾದವು, ಎಷ್ಟು ಸಲ ಬಿಟ್ಟುಬಿಟ್ಟೆ, ಮತ್ತೆ ಎಷ್ಟು ಸಲ ಹಿಡಿದೆ ಎಂದು ವಯಸ್ಸಾದ ಮೇಲೆ ನೆನೆಸಿಕೊಂಡಿದ್ದಾನೆ. ಆ ಕಾಲದ ಲ್ಯಾಟಿನ್ ಕ್ರೈಸ್ತ ಲೇಖಕರಲ್ಲಿ ಹೀಬ್ರೂ ಬಲ್ಲವರು ಇಲ್ಲವೇ ಇಲ್ಲ ಎನ್ನಬಹುದು.

ರೋಮಿನ ಮೂರು ವರ್ಷ

ಮರುಭೂಮಿಯ ಸನ್ಯಾಸಿಗಳ ಜಗಳ ಸಾಕಾಗಿ ಆಂಟಿಯೋಕ್‌ಗೆ ಮರಳಿದ, ಗುರುದೀಕ್ಷೆ ಪಡೆದ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಾಜಿಯಾಂಜಸ್‌ನ ಗ್ರೆಗೊರಿಯ ಪಾಠ ಕೇಳಿದ. ಯುಸೇಬಿಯಸ್‌ನ ಕಾಲಾನುಕ್ರಮದ ಇತಿಹಾಸವನ್ನು ಲ್ಯಾಟಿನ್‌ಗೆ ತಂದು, ಅದನ್ನು 378ರವರೆಗೆ ಮುಂದುವರಿಸಿದ. 382ರಲ್ಲಿ ರೋಮಿಗೆ ಬಂದ. ಪೋಪ್ ದಮಾಸಸ್ ಆತನನ್ನು ಪತ್ರವ್ಯವಹಾರಕ್ಕೆ ಇಟ್ಟುಕೊಂಡರು. ಶುಭಸಂದೇಶಗಳ, ಅಂದರೆ ಯೇಸುವಿನ ಬದುಕು ಹೇಳುವ ಪುಸ್ತಕಗಳ, ಲ್ಯಾಟಿನ್ ಪಾಠವನ್ನು ತಿದ್ದುವ ಕೆಲಸ ಕೊಟ್ಟವರೂ ಅವರೇ.

384ರ ಹೊತ್ತಿಗೆ ನಾಲ್ಕು ಶುಭಸಂದೇಶಗಳು ಮುಗಿದವು. ಇದು ಹೊಸ ಅನುವಾದ ಅಲ್ಲ. ಹಳೆಯ ಲ್ಯಾಟಿನ್ ಪಾಠವನ್ನು ಗ್ರೀಕ್ ಪ್ರತಿಗಳ ಪಕ್ಕದಲ್ಲಿಟ್ಟು, ಅರ್ಥ ಕೆಟ್ಟಿದ್ದ ಕಡೆ ಮಾತ್ರ ತಿದ್ದಿದ್ದು. ಉಳಿದದ್ದನ್ನು ಇದ್ದ ಹಾಗೇ ಬಿಟ್ಟ. ಆದರೂ ಮುಂದೇನಾಗುತ್ತದೆ ಎಂದು ಆತನಿಗೆ ಗೊತ್ತಿತ್ತು. ಓದಿದವನಿರಲಿ ಓದದವನಿರಲಿ, ಪುಸ್ತಕ ಕೈಗೆತ್ತಿಕೊಂಡು ತನಗೆ ರೂಢಿಯಾದ ಮಾತು ಕಾಣದಿದ್ದರೆ ನನ್ನನ್ನು ವಂಚಕ ಎಂದು ಕೂಗುತ್ತಾನೆ ಎಂದು ಮುನ್ನುಡಿಯಲ್ಲೇ ಬರೆದ. ಹಾಗೆಯೇ ಆಯಿತು. ಟೀಕಿಸಿದವರನ್ನು ಆತ ಎರಡು ಕಾಲಿನ ಕತ್ತೆಗಳು ಎಂದ. ಜೆರೋಮ್‌ನ ನಾಲಿಗೆ ಯಾವಾಗಲೂ ಹೀಗೇ.

ರೋಮಿನಲ್ಲಿ ಆತನಿಗೆ ಸಿಕ್ಕ ನಿಜವಾದ ವಿದ್ಯಾರ್ಥಿಗಳು ಹೆಂಗಸರು. ಅವೆಂಟೈನ್ ಬೆಟ್ಟದ ಮೇಲೆ ಮಾರ್ಸೆಲ್ಲಾ ಎಂಬ ಶ್ರೀಮಂತ ವಿಧವೆಯ ಮನೆ. ಅಲ್ಲಿ ಕುಲೀನ ಮನೆತನದ ಹೆಂಗಸರು ಸೇರಿ ಪ್ರಾರ್ಥನೆ, ಉಪವಾಸ, ಓದು ನಡೆಸುತ್ತಿದ್ದರು. ಮಾರ್ಸೆಲ್ಲಾ ಒಂದಾದ ಮೇಲೊಂದು ಪ್ರಶ್ನೆ ಕಳಿಸುವಾಕೆ. ಈ ಹೀಬ್ರೂ ಪದಕ್ಕೆ ಅರ್ಥವೇನು, ಆ ಕೀರ್ತನೆಯಲ್ಲಿ ಇದು ಯಾಕೆ ಬಂತು? ಜೆರೋಮ್‌ನ ಎಷ್ಟೋ ಪತ್ರಗಳು ಆಕೆಯ ಪ್ರಶ್ನೆಗಳಿಗೆ ಉತ್ತರ. ಅದೇ ಗುಂಪಿನಲ್ಲಿ ಪೌಲಾ ಎಂಬ ವಿಧವೆ ಇದ್ದಳು, ಆಕೆಯ ಮಗಳು ಯೂಸ್ಟೋಕಿಯಂ ಇದ್ದಳು. ಆ ತಾಯಿ ಮಗಳು ಇಲ್ಲದಿದ್ದರೆ ಜೆರೋಮ್‌ನ ಬೈಬಲ್ ಇರುತ್ತಿರಲಿಲ್ಲ.

ಪೌಲಾಳ ಇನ್ನೊಬ್ಬ ಮಗಳು ಬ್ಲೆಸಿಲ್ಲಾ. ಸಣ್ಣ ವಯಸ್ಸಿಗೇ ವಿಧವೆಯಾದಳು, ಜ್ವರದಿಂದ ಎದ್ದವಳು ಸನ್ಯಾಸದ ದಾರಿ ಹಿಡಿದು ಕಠಿಣ ಉಪವಾಸ ಮಾಡಿದಳು. ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಉಪವಾಸ ಮಾಡಿಸಿ ಹುಡುಗಿಯನ್ನು ಕೊಂದರು, ಈ ಸನ್ಯಾಸಿಗಳನ್ನು ಊರಿಂದ ಓಡಿಸಬೇಕು ಎಂದು ಜನ ಅಂತ್ಯಕ್ರಿಯೆಯಲ್ಲೇ ಮಾತಾಡಿಕೊಂಡರು. ಜೆರೋಮ್ ಪೌಲಾಳಿಗೆ ಸಮಾಧಾನದ ಪತ್ರ ಬರೆದ. ಆದರೆ ಆ ಪತ್ರದಲ್ಲಿ ಅತ್ತಿದ್ದು ಜಾಸ್ತಿಯಾಯಿತು ಎಂದು ಹೆತ್ತ ತಾಯಿಯನ್ನೇ ಗದರಿದ್ದಾನೆ. ಆತನ ವಿದ್ವತ್ತಿನ ಬಗ್ಗೆ ನನಗೆ ಅಪಾರ ಗೌರವವಿದೆ. ಈ ಪತ್ರವನ್ನು ಮಾತ್ರ ನನಗೆ ಕ್ಷಮಿಸಲು ಆಗುವುದಿಲ್ಲ.

384ರ ಡಿಸೆಂಬರ್‌ನಲ್ಲಿ ಪೋಪ್ ದಮಾಸಸ್ ತೀರಿಕೊಂಡರು. ಬೆನ್ನಿಗೆ ನಿಂತವರು ಹೋದ ಮೇಲೆ ಪೌಲಾಳ ಹೆಸರಿನ ಜೊತೆ ಸೇರಿಸಿ ಆತನ ಮೇಲೆ ಗುಸುಗುಸು ಎದ್ದಿತು. 385ರ ಆಗಸ್ಟ್‌ನಲ್ಲಿ ಜೆರೋಮ್ ರೋಮ್ ಬಿಟ್ಟ. ಮತ್ತೆಂದೂ ಅಲ್ಲಿಗೆ ಬರಲಿಲ್ಲ.

ಬೆತ್ಲೆಹೇಮಿನ ಕಾರ್ಯಾಗಾರ

ಸ್ವಲ್ಪ ದಿನದಲ್ಲೇ ಪೌಲಾ ಮತ್ತು ಯೂಸ್ಟೋಕಿಯಂ ಹಡಗು ಹತ್ತಿದರು. ಪೌಲಾಳ ಚಿಕ್ಕ ಮಗ ದಡದಲ್ಲಿ ನಿಂತು ಕೈ ಚಾಚುತ್ತಿದ್ದ. ಎಲ್ಲರೂ ಆಂಟಿಯೋಕ್‌ನಲ್ಲಿ ಸೇರಿ ಪ್ಯಾಲೆಸ್ಟೈನ್ ಸುತ್ತಿದರು, ಈಜಿಪ್ಟಿಗೂ ಹೋದರು. ಅಲೆಕ್ಸಾಂಡ್ರಿಯದಲ್ಲಿ ಕುರುಡ ಪಂಡಿತ ದಿದಿಮಸ್‌ನ ಪಾಠ ಕೇಳಿದರು. 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆ ನಿಂತರು. ಪೌಲಾಳ ದುಡ್ಡಿನಲ್ಲಿ ಗಂಡಸರಿಗೊಂದು ಮಠ, ಹೆಂಗಸರಿಗೆ ಮಠಗಳು, ಯಾತ್ರಿಕರಿಗೆ ಛತ್ರ ಎದ್ದವು.

ಒಬ್ಬ ಮುದುಕ ಗುಹೆಯಲ್ಲೋ ಕೋಣೆಯಲ್ಲೋ ಒಂಟಿಯಾಗಿ ಬರೆಯುತ್ತಿರುವುದು, ಪಕ್ಕದಲ್ಲಿ ಸಿಂಹ ಮಲಗಿರುವುದು, ಮೇಲೆ ಕಾರ್ಡಿನಲ್‌ನ ಕೆಂಪು ಟೋಪಿ. ಚಿತ್ರಕಾರರು ನಮಗೆ ಕೊಟ್ಟಿರುವ ಜೆರೋಮ್ ಇಂಥವನು. ಡ್ಯೂರರ್ 1514ರಲ್ಲಿ ಕೆತ್ತಿದ ಚಿತ್ರ ಅದರಲ್ಲಿ ಬಹಳ ಪ್ರಸಿದ್ಧ. ಸಿಂಹದ ಕಥೆ ಜೆರಾಸಿಮಸ್ ಎಂಬ ಬೇರೆ ಸಂತನದ್ದು, ಹೆಸರು ಹತ್ತಿರ ಇದ್ದದ್ದರಿಂದ ಇಲ್ಲಿಗೆ ಬಂದು ಸೇರಿರಬೇಕು. ಜೆರೋಮ್‌ನ ಕಾಲದಲ್ಲಿ ಕೆಂಪು ಟೋಪಿಯ ಕಾರ್ಡಿನಲ್‌ಗಳೇ ಇರಲಿಲ್ಲ. ಒಂಟಿತನವೂ ನಿಜವಲ್ಲ. ಆತ ಬಾಯಲ್ಲಿ ಹೇಳುತ್ತಿದ್ದ, ಲಿಪಿಕಾರರು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು, ನಕಲು ಮಾಡುವವರು ಆಮೇಲೆ ಅಂದವಾಗಿ ಬರೆಯುತ್ತಿದ್ದರು. ಇವರಿಗೆಲ್ಲ ಸಂಬಳ ಬೇಕು. ಪೌಲಾ ಕೊಟ್ಟಳು. ಇಟಲಿಯ ಬಿಷಪ್ ಗೆಳೆಯರಾದ ಕ್ರೊಮಾಟಿಯಸ್, ಹೆಲಿಯೊಡೊರಸ್ ದುಡ್ಡು ಕಳಿಸಿದರು. ಒಂದು ಮುನ್ನುಡಿಯಲ್ಲಿ ಜೆರೋಮ್ ಇದನ್ನು ನೆನೆದು ಧನ್ಯವಾದ ಹೇಳಿದ್ದಾನೆ.

ಹೀಬ್ರೂ ಗುರುಗಳ ಋಣ ಇನ್ನೂ ದೊಡ್ಡದು. ಬರನಿನಾಸ್ ಎಂಬ ಯೆಹೂದಿ ಗುರು ತನ್ನವರಿಗೆ ಹೆದರಿ ರಾತ್ರಿ ಹೊತ್ತು ಬಂದು ಪಾಠ ಹೇಳುತ್ತಿದ್ದ. ಯೋಬನ ಪುಸ್ತಕ ಅರ್ಥ ಮಾಡಿಕೊಳ್ಳಲು ಲಿದ್ದ ಊರಿನ ಒಬ್ಬ ಪಂಡಿತನಿಗೆ ಸಾಕಷ್ಟು ದುಡ್ಡು ತೆತ್ತೆ ಎಂದು ಜೆರೋಮ್ ಬರೆದಿದ್ದಾನೆ. ತೊಬಿತನ ಪುಸ್ತಕದ ಪ್ರತಿ ಸಿಕ್ಕಿದ್ದು ಅರಮಾಯಿಕ್‌ನಲ್ಲಿ. ಆ ಭಾಷೆ ಚೆನ್ನಾಗಿ ಬಲ್ಲ ಒಬ್ಬಾತ ಅದನ್ನು ಬಾಯಲ್ಲೇ ಹೀಬ್ರೂಗೆ ತಿರುಗಿಸಿದ. ಜೆರೋಮ್ ಅದನ್ನು ಕೇಳುತ್ತಾ ಲಿಪಿಕಾರನಿಗೆ ಲ್ಯಾಟಿನ್‌ನಲ್ಲಿ ಹೇಳಿ ಬರೆಸಿದ. ಇಡೀ ಪುಸ್ತಕ ಒಂದು ದಿನದಲ್ಲಿ ಮುಗಿಯಿತು. ಇಷ್ಟು ಋಣ ಇದ್ದೂ ಆತ ಯೆಹೂದಿಗಳ ಬಗ್ಗೆ ಎಷ್ಟೋ ಕಡೆ ಕೆಟ್ಟದಾಗಿ ಬರೆದ. ಇದನ್ನು ಮರೆಮಾಚಿ ಆತನ ಕಥೆ ಹೇಳುವುದು ಸರಿಯಲ್ಲ.

ಪೌಲಾಳೂ ಹೀಬ್ರೂ ಕಲಿತಳು. ಕೀರ್ತನೆಗಳನ್ನು ಲ್ಯಾಟಿನ್ ಉಚ್ಚಾರದ ಸೋಂಕಿಲ್ಲದೆ ಹೀಬ್ರೂನಲ್ಲೇ ಹಾಡುತ್ತಿದ್ದಳಂತೆ. ಪುಸ್ತಕಗಳನ್ನು ಹೆಂಗಸರಿಗೆ ಅರ್ಪಿಸುತ್ತೀಯಲ್ಲ ಎಂದು ಆಡಿಕೊಂಡವರಿಗೆ ಜೆರೋಮ್ ಬೈಬಲ್‌ನ ಪ್ರವಾದಿನಿಯರಾದ ದೆಬೋರ, ಹುಲ್ದರ ಹೆಸರು ಹೇಳಿ ಬಾಯಿ ಮುಚ್ಚಿಸಿದ. ಅದೇ ಕಾಲದ ಪಲ್ಲಾಡಿಯಸ್ ಎಂಬ ಲೇಖಕ ಬೇರೆ ಮಾತು ಹೇಳುತ್ತಾನೆ. ಪೌಲಾ ಎಲ್ಲರನ್ನೂ ಮೀರಿಸಬಲ್ಲವಳಾಗಿದ್ದಳು, ಜೆರೋಮ್‌ನ ಅಸೂಯೆ ಆಕೆಗೆ ಅಡ್ಡಿಯಾಯಿತು ಎಂದು. ಪಲ್ಲಾಡಿಯಸ್‌ಗೆ ಜೆರೋಮ್ ಕಂಡರೆ ಆಗುತ್ತಿರಲಿಲ್ಲ ಎನ್ನುವುದನ್ನೂ ಗಮನದಲ್ಲಿಟ್ಟು ಈ ಮಾತು ಓದಬೇಕು.

ಗ್ರೀಕ್ ಬಿಟ್ಟು ಹೀಬ್ರೂ ಯಾಕೆ?

ಬೆತ್ಲೆಹೇಮಿಗೆ ಬಂದ ಹೊಸದರಲ್ಲಿ ಜೆರೋಮ್ ಕೂಡ ಗ್ರೀಕ್ ಸೆಪ್ಟುಅಜಿಂಟ್ ಇಟ್ಟುಕೊಂಡೇ ಲ್ಯಾಟಿನ್ ಹಳೆಯ ಒಡಂಬಡಿಕೆಯನ್ನು ತಿದ್ದುತ್ತಿದ್ದ. ಹತ್ತಿರದ ಸಿಸೇರಿಯ ನಗರದ ಗ್ರಂಥಾಲಯದಲ್ಲಿ 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್ ತಯಾರಿಸಿದ ಒಂದು ಭಾರಿ ಗ್ರಂಥವಿತ್ತು. ಹೆಸರು ಹೆಕ್ಸಾಪ್ಲಾ. ಅದರಲ್ಲಿ ಆರು ಅಂಕಣ. ಒಂದರಲ್ಲಿ ಹೀಬ್ರೂ, ಒಂದರಲ್ಲಿ ಅದೇ ಹೀಬ್ರೂ ಗ್ರೀಕ್ ಅಕ್ಷರದಲ್ಲಿ, ಉಳಿದ ನಾಲ್ಕರಲ್ಲಿ ನಾಲ್ಕು ಗ್ರೀಕ್ ಅನುವಾದಗಳು. ಹೀಗೆ ಪಕ್ಕಪಕ್ಕ ಇಟ್ಟು ಓದಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಸೆಪ್ಟುಅಜಿಂಟ್ ಹಲವು ಕಡೆ ಹೀಬ್ರೂಗೆ ಹೊಂದುವುದಿಲ್ಲ. ಕೆಲವು ಕಡೆ ಜಾಸ್ತಿ ಇದೆ, ಕೆಲವು ಕಡೆ ಕಡಿಮೆ.

ಸುಮಾರು 390ರಲ್ಲಿ ಆತ ಗ್ರೀಕ್ ಪಕ್ಕಕ್ಕಿಟ್ಟು ನೇರ ಹೀಬ್ರೂನಿಂದ ಅನುವಾದ ಶುರು ಮಾಡಿದ. ಮುಗಿದಿದ್ದು 405ರ ಹೊತ್ತಿಗೆ. ಎಪ್ಪತ್ತು ಕೋಣೆಗಳ ಕಥೆ ಸುಳ್ಳು, ಅನುವಾದ ಮಾಡುವವನು ಪ್ರವಾದಿಯಲ್ಲ, ಪಾಂಡಿತ್ಯ ಮತ್ತು ಭಾಷಾಜ್ಞಾನದಿಂದ ಕೆಲಸ ಮಾಡುವವನು ಎಂದು ಮುನ್ನುಡಿಯೊಂದರಲ್ಲಿ ಬರೆದ. ನನ್ನ ಮಟ್ಟಿಗೆ ಜೆರೋಮ್‌ನ ಇಡೀ ಬದುಕಿನ ಸಾರ ಇದೇ ಮಾತಿನಲ್ಲಿದೆ. ಅನುವಾದ ಪವಾಡ ಅಲ್ಲ ಎಂದಾದರೆ ಅದರಲ್ಲಿ ತಪ್ಪು ಇರಬಹುದು. ತಪ್ಪು ಇರಬಹುದಾದರೆ ಅದನ್ನು ತಿದ್ದಲೂಬಹುದು.

ಇದರಿಂದ ಇನ್ನೊಂದು ಪ್ರಶ್ನೆಯೂ ಎದ್ದಿತು. ಹೀಬ್ರೂನಲ್ಲಿ ಇಲ್ಲದೆ ಗ್ರೀಕ್‌ನಲ್ಲಿ ಮಾತ್ರ ಇರುವ ಪುಸ್ತಕಗಳನ್ನು ಏನು ಮಾಡುವುದು? ಅವು ಪ್ರಮಾಣ ಗ್ರಂಥಗಳಲ್ಲ, ಓದಬಹುದು ಅಷ್ಟೆ ಎಂಬ ಕಡೆಗೆ ಜೆರೋಮ್ ವಾಲಿದ. ಚರ್ಚು ಆತನ ಮಾತು ಪೂರ್ತಿ ಕೇಳಲಿಲ್ಲ. 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟರು ಇದೇ ವಾದವನ್ನು ಮತ್ತೆ ಎತ್ತಿದರು. ಕ್ಯಾಥೊಲಿಕ್ ಬೈಬಲ್‌ನಲ್ಲಿ ಪ್ರೊಟೆಸ್ಟೆಂಟ್ ಬೈಬಲ್‌ಗಿಂತ ಕೆಲವು ಪುಸ್ತಕ ಜಾಸ್ತಿ ಇರುವುದರ ಹಿಂದೆ ಈ ಹಳೆಯ ಚರ್ಚೆ ಇದೆ.

ಒಂದು ಗಿಡದ ಜಗಳ

ಈಗ ಆ ಚರ್ಚಿನ ಗಲಾಟೆಗೆ ಬರೋಣ. ಯೋನನ ಪುಸ್ತಕದ ಕೊನೆಯಲ್ಲಿ ದೇವರು ಒಂದು ಗಿಡ ಬೆಳೆಸಿ ಯೋನನಿಗೆ ನೆರಳು ಕೊಡುತ್ತಾರೆ. ಹಳೆಯ ಲ್ಯಾಟಿನ್‌ನಲ್ಲಿ, ಗ್ರೀಕ್ ಅನುಸರಿಸಿ, ಅದು ಸೋರೆ. ಜೆರೋಮ್ ಅದನ್ನು ಐವಿ ಬಳ್ಳಿ ಮಾಡಿದ. ಉತ್ತರ ಆಫ್ರಿಕದ ಓಯಾದಲ್ಲಿ, ಅಂದರೆ ಇಂದಿನ ಲಿಬಿಯಾದ ಟ್ರಿಪೊಲಿಯಲ್ಲಿ, ಬಿಷಪ್ ಒಬ್ಬರು ಹೊಸ ಅನುವಾದವನ್ನು ಓದಿಸಿದರು. ಅಜ್ಜ ಮುತ್ತಜ್ಜನ ಕಾಲದಿಂದ ಕೇಳಿದ ಸೋರೆ ಎಲ್ಲಿ ಹೋಯಿತು ಎಂದು ಜನ ದನಿ ಎತ್ತಿದರು. ಊರಿನ ಯೆಹೂದಿಗಳನ್ನು ಕೇಳಿದರೆ ಅವರು ಹಳೆಯದೇ ಸರಿ ಎಂದರು. ಜನ ಚರ್ಚು ಬಿಟ್ಟು ಹೋಗುವ ಪರಿಸ್ಥಿತಿ ಬಂದಾಗ ಬಿಷಪ್ ಹಿಂದೆ ಸರಿದರು.

ಈ ಕಥೆಯನ್ನು 403ರಲ್ಲಿ ಜೆರೋಮ್‌ಗೆ ಬರೆದು ತಿಳಿಸಿದ್ದು ಹಿಪ್ಪೊ ನಗರದ ಬಿಷಪ್ ಅಗಸ್ಟೀನ್. ಅವರ ಆತಂಕ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಗ್ರೀಕ್ ಪಾಠದ ಬಗ್ಗೆ ಅನುಮಾನ ಬಂದರೆ ಗ್ರೀಕ್ ಬಲ್ಲವರು ಸಾಕಷ್ಟಿದ್ದಾರೆ, ನೋಡಿ ಹೇಳುತ್ತಾರೆ. ಹೀಬ್ರೂ ಪಾಠದ ಬಗ್ಗೆ ಅನುಮಾನ ಬಂದರೆ ಯಾರನ್ನು ಕೇಳುವುದು? ಲ್ಯಾಟಿನ್ ಚರ್ಚುಗಳೆಲ್ಲ ನಿಮ್ಮೊಬ್ಬರ ಮಾತು ನಂಬಬೇಕೆ? ಗ್ರೀಕ್ ಚರ್ಚುಗಳ ಜೊತೆ ಒಡಕು ಬರುವುದಿಲ್ಲವೆ? ಒಬ್ಬರು ಜನರನ್ನು ಒಟ್ಟಿಗೆ ಇಟ್ಟುಕೊಳ್ಳಬೇಕಾದ ಬಿಷಪ್, ಇನ್ನೊಬ್ಬರು ಪಾಠ ಸರಿ ಇರಬೇಕೆನ್ನುವ ಪಂಡಿತ. ಇಬ್ಬರ ಕಡೆಯೂ ನ್ಯಾಯವಿದೆ.

ಜೆರೋಮ್ ಸಿಟ್ಟಿನಿಂದಲೇ ಉತ್ತರಿಸಿದ. ಅದಕ್ಕೆ ಬೇರೆ ಕಾರಣವೂ ಇತ್ತು. ಅಗಸ್ಟೀನ್ ಮೊದಲು ಬರೆದ ಟೀಕೆಯ ಪತ್ರ ಆತನ ಕೈ ಸೇರುವ ಮುಂಚೆಯೇ ಇಟಲಿಯಲ್ಲಿ ಕಂಡವರ ಕೈಗೆಲ್ಲ ಸಿಕ್ಕಿತ್ತು. ಗಿಡದ ಬಗ್ಗೆ ಆತ ಕೊಟ್ಟ ವಿವರಣೆ ಚೆನ್ನಾಗಿದೆ. ಹೀಬ್ರೂ ಪಾಠದಲ್ಲಿರುವುದು ಸೋರೆಯೂ ಅಲ್ಲ, ಐವಿಯೂ ಅಲ್ಲ. ದ್ರಾಕ್ಷಿಯಂಥ ಅಗಲ ಎಲೆಯ, ಬೇಗ ಬೆಳೆಯುವ, ಆಸರೆ ಇಲ್ಲದೆ ತನ್ನ ಕಾಂಡದ ಮೇಲೇ ನಿಲ್ಲುವ ಗಿಡ. ಪ್ಯಾಲೆಸ್ಟೈನಿನ ಮರಳು ನೆಲದಲ್ಲಿ ಎಲ್ಲೆಡೆ ಕಾಣುತ್ತದೆ. ಲ್ಯಾಟಿನ್‌ನಲ್ಲಿ ಅದಕ್ಕೆ ಹೆಸರಿಲ್ಲ, ಅದಕ್ಕೇ ಹಿಂದಿನ ಅನುವಾದಕರ ದಾರಿ ಹಿಡಿದು ಐವಿ ಎಂದೆ. ಈ ವರ್ಣನೆ ಓದಿದ ವಿದ್ವಾಂಸರಲ್ಲಿ ಹಲವರು ಅದು ಹರಳು ಗಿಡ ಎನ್ನುತ್ತಾರೆ. ಉತ್ತರ ಕರ್ನಾಟಕದವರು ಔಡಲ ಅನ್ನುವ ಅದೇ ಗಿಡ. ನಮಗೆ ಅದರ ನೆರಳಿನ ಅಂದಾಜು ಸುಲಭವಾಗಿ ಸಿಗುತ್ತದೆ.

ಕಾಲ ಕಳೆದಂತೆ ಇಬ್ಬರೂ ಹತ್ತಿರವಾದರು. ಜೆರೋಮ್ ಮೂರು ಭಾಷೆ ಬಲ್ಲ ಮಹಾ ಪಂಡಿತ ಎಂದು ಅಗಸ್ಟೀನ್ ಮುಂದೆ ಬರೆದರು. ಆದರೂ ಸೆಪ್ಟುಅಜಿಂಟ್ ಬಿಡಲಿಲ್ಲ.

ಜೆರೋಮ್‌ನ ಇನ್ನೊಂದು ಪದ ಇದಕ್ಕಿಂತ ದೂರ ಹೋಯಿತು. ಮೋಶೆ ಬೆಟ್ಟ ಇಳಿದು ಬಂದಾಗ ಅವನ ಮುಖ ಹೊಳೆಯುತ್ತಿತ್ತು ಎಂದು ನಾವು ಓದುತ್ತೇವೆ. ವಲ್ಗೇಟ್‌ನಲ್ಲಿ ಅಲ್ಲಿ ಕೊಂಬು ಬಂದಿದೆ. ಆಗಿನ ಹೀಬ್ರೂ ಬರಹದಲ್ಲಿ ಸ್ವರಗಳನ್ನು ಗುರುತು ಮಾಡುತ್ತಿರಲಿಲ್ಲ. ಅದೇ ಮೂರು ವ್ಯಂಜನಗಳನ್ನು ಒಂದು ರೀತಿ ಓದಿದರೆ ಹೊಳೆಯಿತು, ಇನ್ನೊಂದು ರೀತಿ ಓದಿದರೆ ಕೊಂಬು. ಗ್ರೀಕ್‌ನಲ್ಲಿ ಹೇಗಿದೆ ಎಂದು ಜೆರೋಮ್‌ಗೆ ಗೊತ್ತಿತ್ತು. ತಿಳಿದೇ ಆತ ಅಕ್ಷರಶಃ ಅರ್ಥ ಆರಿಸಿಕೊಂಡ. ರೋಮಿನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ ಮೈಕೆಲ್‌ಏಂಜೆಲೊ ಕಡೆದ ಮೋಶೆಯ ತಲೆಯ ಮೇಲೆ ಎರಡು ಕೊಂಬುಗಳಿರುವುದು ಇದರಿಂದಲೇ.

ಜಗಳಗಂಟ ಸಂತ

ರೂಫಿನಸ್ ನೆನಪಿದ್ದಾನಲ್ಲ? ಆತನೂ ಜೆರುಸಲೇಮಿಗೆ ಬಂದು ನೆಲೆಸಿದ್ದ. ಇಬ್ಬರೂ ಒರಿಜೆನ್‌ನ ಬರಹ ಮೆಚ್ಚಿದವರು. 390ರ ದಶಕದಲ್ಲಿ ಒರಿಜೆನ್ ಧರ್ಮವಿರೋಧಿ ಎಂಬ ಕೂಗು ಎದ್ದಿತು. ಜೆರೋಮ್ ಬೇಗ ಆಚೆ ಬದಿಗೆ ಹೋದ. ರೂಫಿನಸ್ ಒರಿಜೆನ್‌ನ ಒಂದು ಮುಖ್ಯ ಗ್ರಂಥವನ್ನು ಲ್ಯಾಟಿನ್‌ಗೆ ತಂದು, ಇಂಥ ಕೆಲಸಕ್ಕೆ ದಾರಿ ತೋರಿಸಿದವರು ಜೆರೋಮ್ ಎಂದು ಮುನ್ನುಡಿಯಲ್ಲಿ ಹೊಗಳಿದ. ಆ ಹೊತ್ತಿನಲ್ಲಿ ಆ ಹೊಗಳಿಕೆ ಅಪಾಯ. ಜೆರೋಮ್ ಪುಸ್ತಕದ ಮೇಲೆ ಪುಸ್ತಕ ಬರೆದು ಹಳೆಯ ಗೆಳೆಯನ ಮೇಲೆ ಮುಗಿಬಿದ್ದ. ರೂಫಿನಸ್ ಕೂಡ ಬಿಡಲಿಲ್ಲ. ಹಳೆಯ ಕನಸಿನ ಆಣೆ ಏನಾಯಿತು ಎಂದು ಕೇಳಿದ, ಹೀಬ್ರೂ ಗುರು ಬರನಿನಾಸ್‌ನನ್ನು ಬರಬ್ಬ (ಯೇಸುವಿನ ಬದಲು ಬಿಡುಗಡೆಯಾದ ಅಪರಾಧಿಯ ಹೆಸರು) ಎಂದು ಕರೆದು ಹಂಗಿಸಿದ. ರೂಫಿನಸ್ ಸಿಸಿಲಿಯಲ್ಲಿ ಸತ್ತಾಗ ಚೇಳು ಮಣ್ಣಿನಡಿ ಸೇರಿತು ಎಂದು ಜೆರೋಮ್ ಬರೆದ. ಓದಿದಾಗ ಬೇಸರವಾಗುತ್ತದೆ.

ಈ ಜಗಳಗಳ ನಡುವೆಯೇ ಅನುವಾದದ ಬಗ್ಗೆ ಒಂದು ಒಳ್ಳೆಯ ಬರಹ ಹುಟ್ಟಿತು. ಒಂದು ಪತ್ರವನ್ನು ಸರಿಯಾಗಿ ಅನುವಾದಿಸಿಲ್ಲ ಎಂಬ ಆರೋಪ ಬಂದಾಗ ಗೆಳೆಯ ಪಮ್ಮಾಕಿಯಸ್‌ಗೆ ಉತ್ತರ ಬರೆದ. ನಾನು ಪದಕ್ಕೆ ಪದ ಇಡುವುದಿಲ್ಲ, ಅರ್ಥಕ್ಕೆ ಅರ್ಥ ಇಡುತ್ತೇನೆ ಎಂದ. ಪವಿತ್ರ ಗ್ರಂಥ ಮಾತ್ರ ಬೇರೆ, ಅಲ್ಲಿ ಪದಗಳ ಕ್ರಮದಲ್ಲೂ ರಹಸ್ಯವಿದೆ ಎಂದು ಸೇರಿಸಿದ. ಅನುವಾದಕರು ಇವತ್ತಿಗೂ ಈ ಪತ್ರ ಓದುತ್ತಾರೆ. ಆತ ತೀರಿಕೊಂಡ ಸೆಪ್ಟೆಂಬರ್ 30 ಈಗ ಅಂತರರಾಷ್ಟ್ರೀಯ ಅನುವಾದ ದಿನ. ವಿಶ್ವಸಂಸ್ಥೆ 2017ರಲ್ಲಿ ಅದನ್ನು ಅಧಿಕೃತವಾಗಿ ಒಪ್ಪಿತು.

ಭಾರತದ ಮಾತೂ ಆತನ ಬರಹದಲ್ಲಿ ಬರುತ್ತದೆ. 393ರ ಸುಮಾರಿಗೆ ಬರೆದ ಒಂದು ವಾದಗ್ರಂಥದಲ್ಲಿ, ಭಾರತದ ದಿಗಂಬರ ಜ್ಞಾನಿಗಳ ಪ್ರಕಾರ ಬುದ್ಧ ಒಬ್ಬ ಕನ್ಯೆಯ ಪಕ್ಕೆಯಿಂದ ಹುಟ್ಟಿದ ಎಂದಿದ್ದಾನೆ. ಬುದ್ಧನ ಹೆಸರು ಬರುವ ಹಳೆಯ ಲ್ಯಾಟಿನ್ ಬರಹಗಳಲ್ಲಿ ಇದೂ ಒಂದು. ಕ್ರೈಸ್ತ ಲೇಖಕರ ಪರಿಚಯ ಕೊಡುವ ಆತನ ಪುಸ್ತಕದಲ್ಲಿ 135 ಜನರಿದ್ದಾರೆ, ಕೊನೆಯವನು ಜೆರೋಮ್‌ನೇ. ಅಲೆಕ್ಸಾಂಡ್ರಿಯದ ಪಂಟೇನಸ್ ಭಾರತಕ್ಕೆ ಹೋಗಿದ್ದ ಎಂಬ ಮಾತು ಅದರಲ್ಲಿದೆ. ಆ ಕಾಲದವರಿಗೆ ಭಾರತ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎನ್ನುವುದು ಸಡಿಲ. ಇಂಥ ಮಾತುಗಳನ್ನು ಹುಷಾರಾಗಿ ಓದಬೇಕು.

404ರ ಜನವರಿಯಲ್ಲಿ ಪೌಲಾ ತೀರಿಕೊಂಡಳು. ದಾನ ಮಾಡಿ ಮಾಡಿ ಮಗಳಿಗೆ ಸಾಲ ಬಿಟ್ಟು ಹೋದಳು. 410ರಲ್ಲಿ ಅಲಾರಿಕ್‌ನ ಗಾತ್ ಸೈನ್ಯ ರೋಮ್ ಲೂಟಿ ಮಾಡಿತು. ಸೈನಿಕರ ಹೊಡೆತ ತಿಂದ ಮಾರ್ಸೆಲ್ಲಾ ಕೆಲವೇ ದಿನಗಳಲ್ಲಿ ಕೊನೆಯುಸಿರೆಳೆದಳು. ಜಗತ್ತನ್ನೆಲ್ಲ ಗೆದ್ದ ನಗರವೇ ಸೋತುಹೋಯಿತು ಎಂದು ಜೆರೋಮ್ ಬರೆದ. ರೋಮಿನ ನಿರಾಶ್ರಿತರು ಬೆತ್ಲೆಹೇಮಿನ ಮಠದ ಬಾಗಿಲಿಗೆ ಬಂದಾಗ ಪುಸ್ತಕದ ಕೆಲಸ ನಿಲ್ಲಿಸಿ ಅವರನ್ನು ನೋಡಿಕೊಂಡ. 416ರಲ್ಲಿ ಗುಂಪೊಂದು ಮಠಗಳಿಗೇ ಬೆಂಕಿ ಇಟ್ಟಿತು. ಯೂಸ್ಟೋಕಿಯಂ ಕೂಡ ಆತನಿಗಿಂತ ಮುಂಚೆ ಹೋದಳು. ಜೆರೋಮ್ ಸತ್ತದ್ದು 419 ಅಥವಾ 420ರಲ್ಲಿ.

ಹಾಗಾದರೆ ವಲ್ಗೇಟ್ ಯಾರದ್ದು?

ಜೆರೋಮ್ ಯಾವತ್ತೂ ಒಂದು ಇಡೀ ಬೈಬಲ್ ಪ್ರಕಟಿಸಲಿಲ್ಲ. ಬಿಡಿ ಬಿಡಿಯಾಗಿ ಪುಸ್ತಕಗಳನ್ನು ಹೊರಗೆ ಬಿಟ್ಟ. ಆತ ಸತ್ತು ಎಷ್ಟೋ ಕಾಲದ ಮೇಲೆ ಅವನ್ನೆಲ್ಲ ಒಟ್ಟು ಮಾಡಿದರು. ಹೀಬ್ರೂನಿಂದ ತಂದ ಹಳೆಯ ಒಡಂಬಡಿಕೆ ಮತ್ತು ತಿದ್ದಿದ ನಾಲ್ಕು ಶುಭಸಂದೇಶಗಳು ಆತನವು. ಹೊಸ ಒಡಂಬಡಿಕೆಯ ಉಳಿದ ಭಾಗವನ್ನು ಬೇರೆ ಯಾರೋ ತಿದ್ದಿದ್ದಾರೆ. ಸುಜ್ಞಾನ ಗ್ರಂಥ, ಮಕ್ಕಬಿಯರ ಗ್ರಂಥಗಳಂಥವು ಹಳೆಯ ಲ್ಯಾಟಿನ್ ರೂಪದಲ್ಲೇ ಸೇರಿಕೊಂಡವು. ಕೀರ್ತನೆಗಳ ಕಥೆ ಎಲ್ಲಕ್ಕಿಂತ ಸ್ವಾರಸ್ಯ. ಜೆರೋಮ್ ಹೀಬ್ರೂನಿಂದ ಹೊಸದಾಗಿ ಅನುವಾದಿಸಿದ್ದರೂ ಜನ ಅದನ್ನು ಹಾಡಲಿಲ್ಲ. ಗ್ರೀಕ್ ಆಧರಿಸಿ ಆತ ಮೊದಲು ತಿದ್ದಿದ್ದ ಪಾಠವೇ ನಿಂತಿತು. ಬಾಯಿಗೆ ಕೂತ ಹಾಡನ್ನು ಪಂಡಿತರಿಂದ ಬದಲಿಸಲು ಆಗುವುದಿಲ್ಲ.

ನಮಗೆ ಪೂರ್ತಿ ಸಿಕ್ಕಿರುವ ಅತ್ಯಂತ ಹಳೆಯ ವಲ್ಗೇಟ್ ಪ್ರತಿ ಕೋಡೆಕ್ಸ್ ಅಮಿಯಾಟಿನಸ್. ಉತ್ತರ ಇಂಗ್ಲೆಂಡಿನ ವೇರ್‌ಮತ್-ಜಾರೋ ಮಠದಲ್ಲಿ 700ರ ಸುಮಾರಿಗೆ ಬರೆದದ್ದು. ಸಾವಿರಕ್ಕೂ ಜಾಸ್ತಿ ಚರ್ಮದ ಹಾಳೆ, ಸುಮಾರು 34 ಕಿಲೋ ತೂಕ. ಈಗ ಫ್ಲಾರೆನ್ಸ್‌ನ ಗ್ರಂಥಾಲಯದಲ್ಲಿದೆ. 1546ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ ಬಿಷಪ್‌ಗಳ ಸಭೆ ವಲ್ಗೇಟ್ ಅನ್ನು ಕ್ಯಾಥೊಲಿಕ್ ಚರ್ಚಿನ ಅಧಿಕೃತ ಪಾಠ ಎಂದು ಸಾರಿತು. ಒಂದು ಕಾಲದಲ್ಲಿ ವಂಚಕನ ಕೆಲಸ ಎನ್ನಿಸಿಕೊಂಡ ಪಾಠವನ್ನೇ ಮುಟ್ಟಬಾರದು ಎಂದು ಆಮೇಲಿನವರು ಕಾಪಾಡಿಕೊಂಡರು. 1979ರಲ್ಲಿ ಹೀಬ್ರೂ, ಗ್ರೀಕ್ ನೋಡಿ ಮತ್ತೆ ತಿದ್ದಿದ ಹೊಸ ವಲ್ಗೇಟ್ ಬಂತು.

ಜೆರೋಮ್‌ನನ್ನು ನೇರ ಓದಬೇಕು ಅನ್ನಿಸಿದರೆ ಪತ್ರಗಳಿಂದ ಶುರು ಮಾಡಿ. ಇಂಗ್ಲಿಷ್ ಅನುವಾದಗಳು ಸುಲಭವಾಗಿ ಸಿಗುತ್ತವೆ. ಮೊದಲು 107ನೇ ಪತ್ರ. ಪೌಲಾಳ ಮೊಮ್ಮಗಳಿಗೆ ಓದು ಕಲಿಸುವುದು ಹೇಗೆ ಎಂದು ತಾಯಿ ಲೇಟಾಗೆ ಬರೆದದ್ದು. ಮರ ಅಥವಾ ದಂತದ ಅಕ್ಷರ ಮಾಡಿಸಿ ಆಡಲು ಕೊಡು, ಜೊತೆಗೆ ಕಲಿಯುವ ಮಕ್ಕಳಿರಲಿ, ನಿಧಾನ ಎಂದು ಬೈಯಬೇಡ ಎನ್ನುತ್ತಾನೆ. ಬ್ಲೆಸಿಲ್ಲಾಳ ತಾಯಿಯನ್ನು ಗದರಿದವನೇ ಇವನು ಎಂದು ನಂಬಲು ಆಗುವುದಿಲ್ಲ. ಆಮೇಲೆ ಕನಸು ಮತ್ತು ಮರುಭೂಮಿಗೆ 22ನೇ ಪತ್ರ, ಅನುವಾದಕ್ಕೆ 57ನೆಯದು, ಅಗಸ್ಟೀನ್‌ಗೆ ಕೊಟ್ಟ ಉತ್ತರಕ್ಕೆ 112ನೆಯದು, ಮಾರ್ಸೆಲ್ಲಾಳ ಬದುಕಿಗೆ 127ನೆಯದು. ರೂಫಿನಸ್ ಮೇಲಿನ ಪುಸ್ತಕಗಳನ್ನು ಕೊನೆಗೆ ಇಟ್ಟುಕೊಳ್ಳಿ.